ನೋವಿಲ್ಲದ ಹುಣ್ಣು



ಫೆಬ್ರವರಿ 11ರ ಲೂರ್ದು ಮಾತೆಯ ಹಬ್ಬವನ್ನು ಸಂತ ಎರಡನೇ ಜಾನ್ ಪಾಲ್‌ರವರು 1992ರಲ್ಲಿ ವಿಶ್ವ ರೋಗಿಗಳ ದಿನವೆಂದು ಘೋಷಿಸಿದರು. ಅಂದು ಅನೇಕ ದೇವಾಲಯಗಳಲ್ಲಿ ರೋಗಿಗಳಿಗೆ ಅಭ್ಯಂಗ ಸಂಸ್ಕಾರ ನೀಡುವ ರೂಢಿಯಿದೆ. ಹಿಂದಿನವರು ಇದನ್ನು ‘ಕೊನೆಯ ಅಭ್ಯಂಗ’ ಎನ್ನುತ್ತಿದ್ದರು. ಇದು ಸಾಯುವ ಘಳಿಗೆಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲವೆಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟಪಡಿಸಿತು. ಆದರೂ ನಮ್ಮ ಮನೆಗಳಿಂದ ಗುರುಗಳಿಗೆ ಕರೆ ಬರುವುದು ಎಲ್ಲಾ ಮುಗಿಯುತ್ತಾ ಬಂದಾಗಲೇ. ಕ್ಯಾನ್ಸರ್ ವಿಷಯದಲ್ಲಿ ವೈದ್ಯರ ಬಳಿಗೆ ಹೋಗುವುದೂ ಹಾಗೆಯೇ. ಈ ತಡಕ್ಕೆ ಒಂದು ಇತಿಹಾಸವಿದೆ.

ಬಹುಕಾಲ ಹೋಗಲು ಜಾಗವೇ ಇರಲಿಲ್ಲ. ಮೆಹರ್‌ಬಾಯಿ ಟಾಟಾರವರು 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ, ಆ ಮನೆತನದ ಸಂಕಲ್ಪದಿಂದ 1941ರಲ್ಲಿ ಮುಂಬಯಿಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ತಂಗಿಯನ್ನು ಇದೇ ರೋಗಕ್ಕೆ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಛಲದಿಂದ 1954ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಇನ್ನೊಂದು ಆಸ್ಪತ್ರೆ ಆಯಿತು. ಆಲೂರು, ಸಕಲೇಶಪುರದ ಕಾಫಿ ತೋಟದ ಆಳಿಗೆ ಇವೆರಡೂ ಪರದೇಶವಿದ್ದಂತೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆ ಆರಂಭವಾದದ್ದು 1973ರಲ್ಲಿ; ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಸಚಿವರೂ ಆಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರು ಅದಕ್ಕೆ. 1980ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಯಿತು.

ಆಸ್ಪತ್ರೆಯೇನೋ ಬಂತು, ದಾರಿ ಮಾತ್ರ ಹತ್ತಿರವಾಗಲಿಲ್ಲ. ಆಲೂರಿನಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್. ವಿಕಿರಣ ಚಿಕಿತ್ಸೆ ಒಂದು ದಿನದ ಕೆಲಸವಲ್ಲ. ಹಲವು ವೇಳೆ ವಾರಕ್ಕೆ ಐದು ದಿನದಂತೆ ಐದಾರು ವಾರ ಅಲ್ಲೇ ಇರಬೇಕು. ರೋಗಿಯ ಕೂಲಿ ಹೋಯಿತು, ಜೊತೆಗೆ ಹೋದವರ ಕೂಲಿಯೂ ಹೋಯಿತು. ಕಾಫಿ ಹಣ್ಣು ಬಿಡಿಸುವ ಕಾಲದಲ್ಲಿ ಹೀಗೆ ಹೊರಡುವ ಧೈರ್ಯ ಯಾರಿಗಿದೆ? ಬಡ ಕುಟುಂಬಗಳಿಗೆ 2010ರಲ್ಲಿ ಬಂದ ವಾಜಪೇಯಿ ಆರೋಗ್ಯಶ್ರೀ, 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಆಸ್ಪತ್ರೆಯ ಖರ್ಚನ್ನು ಎಷ್ಟೋ ಹಗುರ ಮಾಡಿದವು. ತಪ್ಪಿದ ಕೂಲಿಯನ್ನು ಯಾವ ಕಾರ್ಡೂ ತುಂಬಿಕೊಡುವುದಿಲ್ಲ.

ಬೆಂಗಳೂರಿನಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬರುತ್ತಿದೆ ಎಂಬ ದಾಖಲೆ 1982ರಿಂದ ಕ್ರಮವಾಗಿ ನಡೆದು ಬಂದಿದೆ. ಆರಂಭದಲ್ಲಿ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮುಂದಿತ್ತು. ಮುಂದೆ ಸ್ತನದ ಕ್ಯಾನ್ಸರ್ ಅದನ್ನು ಹಿಂದೆ ಹಾಕಿತು. ಬಾಯಿ, ಅನ್ನನಾಳ, ಜಠರದ ಕ್ಯಾನ್ಸರುಗಳೂ ಅಲ್ಲಿ ಕಡಿಮೆಯೇನಲ್ಲ.

ಬಾಯಿಯ ಕ್ಯಾನ್ಸರ್ ಬಗ್ಗೆ ಬರೆಯುವಾಗ ಸ್ವಲ್ಪ ಮುಜುಗರವಾಗುತ್ತದೆ. ಹೊಗೆಸೊಪ್ಪು ಸೇರಿದ ಎಲೆಅಡಿಕೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1985ರಲ್ಲೇ ಹೇಳಿತ್ತು. 2004ರಲ್ಲಿ ಪ್ರಕಟವಾದ ಅದರ ವರದಿ ಇನ್ನೂ ಮುಂದೆ ಹೋಯಿತು: ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕ. ಮಲೆನಾಡಿನಲ್ಲಿ ಅಡಿಕೆ ಎಷ್ಟೋ ಮನೆಗಳ ಅನ್ನ. ನಮ್ಮದೇ ಜಿಲ್ಲೆಯ ರಾಮನಾಥಪುರದಲ್ಲಿ ತಂಬಾಕು ಹರಾಜು ನಡೆಯುತ್ತದೆ. ಮದುವೆ ಮನೆಯಲ್ಲಿ ತಾಂಬೂಲದ ತಟ್ಟೆ ಹಿಡಿಯದಿದ್ದರೆ ಮರ್ಯಾದೆಯಲ್ಲ. ಬೆಳೆಗಾರರನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ಗೊತ್ತಿರುವುದನ್ನು ಹೇಳದೆ ಇರುವುದು ಸರಿಯಲ್ಲ. ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಂಗಡಿಯಲ್ಲಿ ಪಾನ್ ಮಸಾಲೆಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಇನ್ನೊಂದು ಎಂದು ಬೇರೆ ಬೇರೆಯಾಗಿ ಬಂದವು. ಹುಡುಗರು ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡರು!

ಈ ರೋಗದ ದೊಡ್ಡ ಮೋಸವೆಂದರೆ ಮೊದಮೊದಲು ಅನೇಕರಿಗೆ ನೋವೇ ಇರುವುದಿಲ್ಲ. ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಂತೆ ಬಿಗಿಯುವುದು – ಇಷ್ಟೇ. ‘ನೋಯುವುದಿಲ್ಲವಲ್ಲ’ ಎಂದು ಸುಮ್ಮನಾಗುತ್ತೇವೆ. ತಿರುವನಂತಪುರ ಜಿಲ್ಲೆಯಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ತೆರೆಸಿ ನೋಡಿದರು. ವರ್ಷಗಳ ನಂತರ, 2005ರಲ್ಲಿ ಫಲಿತಾಂಶ ಪ್ರಕಟವಾಯಿತು: ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ಇಳಿದಿತ್ತು. ದೊಡ್ಡ ಯಂತ್ರವಿಲ್ಲ, ಬರೀ ಕಣ್ಣಿನ ಪರೀಕ್ಷೆ.

ತಾಯಂದಿರ ತಡಕ್ಕೆ ಕಾರಣ ನಾಚಿಕೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ದುರ್ವಾಸನೆಯ ಬಿಳಿಸೆರಗು ಹೋದರೆ ಮಗಳಿಗೂ ಹೇಳುವುದಿಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ಮೂಲ ಒಂದು ವೈರಸ್. ಅದನ್ನು ತೋರಿಸಿಕೊಟ್ಟ ಹೆರಾಲ್ಡ್ ತ್ಸುರ್ ಹೌಸನ್‌ರಿಗೆ 2008ರಲ್ಲಿ ನೊಬೆಲ್ ಬಂತು. ಹೆಣ್ಣುಮಕ್ಕಳಿಗೆ ಅದರ ಲಸಿಕೆಯಿದೆ. ದೊಡ್ಡವರಿಗೆ ವಿನೆಗರ್‌ನಂಥ ದ್ರಾವಣ ಹಚ್ಚಿ ನೋಡುವ, ನಿಮಿಷಗಳಲ್ಲಿ ಮುಗಿಯುವ ಪರೀಕ್ಷೆಯಿದೆ. ಕ್ಯಾನ್ಸರ್ ಆಗುವ ಮುಂಚಿನ ಬದಲಾವಣೆ ಸಿಕ್ಕರೆ ಅಷ್ಟನ್ನೇ ಸುಟ್ಟೋ ಶೀತದಿಂದಲೋ ತೆಗೆದು ಅದೇ ದಿನ ಮನೆಗೆ ಕಳುಹಿಸುವುದುಂಟು. ಸ್ತನದಲ್ಲಿನ ಗಂಟೂ ಅಷ್ಟೇ: ಚಿಕ್ಕದಿದ್ದಾಗ ಎಷ್ಟೋ ಸಲ ಸ್ತನವನ್ನು ಉಳಿಸಿಕೊಂಡೇ ಶಸ್ತ್ರಚಿಕಿತ್ಸೆ ಸಾಧ್ಯ. ಬಾಯಿಯ ಚಿಕ್ಕ ಹುಣ್ಣಿಗೆ ಹಲವು ವೇಳೆ ಶಸ್ತ್ರಚಿಕಿತ್ಸೆಯೊಂದೇ ಸಾಕು. ಬೆಳೆದು ದವಡೆಗೆ, ಕುತ್ತಿಗೆಗೆ ಹಬ್ಬಿದ್ದಕ್ಕೆ ಶಸ್ತ್ರಚಿಕಿತ್ಸೆ, ವಿಕಿರಣ, ಕೀಮೋ ಎಲ್ಲವೂ ಬೇಕಾಗಬಹುದು. ಆಗಲೇ ಆ ಐದಾರು ವಾರಗಳ ಬೆಂಗಳೂರು ವಾಸ.

30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಮಾಡುವುದು ಈಗ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲೇ ಸೇರಿದೆ. ಆಶಾ ಕಾರ್ಯಕರ್ತೆ ಪಟ್ಟಿ ಹಿಡಿದು ಬಾಗಿಲಿಗೆ ಬಂದು ಎಲೆಅಡಿಕೆ ಹಾಕುತ್ತೀರಾ, ಮಾಯದ ಹುಣ್ಣಿದೆಯಾ ಎಂದು ಕೇಳುವುದು ಇದಕ್ಕಾಗಿಯೇ. ಅವರನ್ನು ಹೊಸ್ತಿಲಲ್ಲೇ ನಿಲ್ಲಿಸಿ ‘ನಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ’ ಎಂದು ಕಳುಹಿಸಬೇಡಿ. ಒಳಗೆ ಕರೆದು ಕೂರಿಸಿ, ಮೊದಲು ಮನೆಯ ಅಜ್ಜಿಯನ್ನು ಕರೆಯಿರಿ.