ಚಿತ್ರಲೇಖೆ ಎಲ್ಲಿಂದ ಬಂದಳು?

ಮಹಾಭಾರತದ ಪೂರು ತನ್ನ ಹರೆಯವನ್ನು ತಂದೆ ಯಯಾತಿಗೆ ಕೊಟ್ಟು, ತಂದೆಯ ಮುಪ್ಪನ್ನು ತಾನು ಹೊರುತ್ತಾನೆ. ಅಷ್ಟು ಹೊತ್ತಿಗೆ ಅವನ ಮದುವೆಯಾಗಿದ್ದರೆ? ಆ ಹೆಂಡತಿ ಸುಮ್ಮನಿರುತ್ತಿದ್ದಳೇ? ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡಲು ಸಿದ್ಧರಾಗಿದ್ದ ಗಿರೀಶ ಕಾರ್ನಾಡರು ಮೂಲದಲ್ಲಿಲ್ಲದ ಈ ಸೊಸೆಯನ್ನು ಸೃಷ್ಟಿಸಿ ಚಿತ್ರಲೇಖೆ ಎಂದು ಹೆಸರಿಟ್ಟರು. 'ಯಯಾತಿ' ನಾಟಕದಲ್ಲಿ ಅವಳು ಮಾವನನ್ನೇ ಎದುರು ನಿಂತು ಪ್ರಶ್ನಿಸುತ್ತಾಳೆ, ಕೊನೆಗೆ ಪ್ರಾಣ ಬಿಡುತ್ತಾಳೆ. ಆಗ ಕಾರ್ನಾಡರಿಗೆ 22 ವರ್ಷ.

ಮನಸ್ಸಿಗೆ ಹತ್ತಿದ ಕಥೆಯೊಳಗೆ ಹೊಕ್ಕು, ಅಲ್ಲಿ ಯಾರೂ ಕೇಳದ ಪ್ರಶ್ನೆ ಕೇಳುವ ಈ ಸುಖಕ್ಕೂ ಮೆಚ್ಚಿದ ಕಥೆಯ ಪಾತ್ರಗಳನ್ನಿಟ್ಟುಕೊಂಡು ಇಂದಿನ ಹುಡುಗ ಹುಡುಗಿಯರು ಬರೆಯುವ ಫ್ಯಾನ್‌ಫಿಕ್ಷನ್‌ಗೂ ಹತ್ತಿರದ ನಂಟಿದೆ.

ಕಾರ್ನಾಡರು ಓದಿದ ಧಾರವಾಡದ ಸೀಮೆಗಂತೂ ಆ ಸುಖ ಹೊಸದಲ್ಲ. ಧಾರವಾಡದಿಂದ ಹುಬ್ಬಳ್ಳಿ ದಾಟಿ ಗದಗಿನ ದಾರಿ ಹಿಡಿದರೆ ಕವಿ ಪಂಪನ ತಾಯಿಯ ಕಡೆಯವರ ಊರು ಅಣ್ಣಿಗೇರಿ ಸಿಗುತ್ತದೆ. ಪಂಪ 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದಾಗ ವ್ಯಾಸರ ಕಥೆಯನ್ನು ಇದ್ದ ಹಾಗೆಯೇ ಬಿಡಲಿಲ್ಲ. ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಕೊಟ್ಟ. ಯುದ್ಧ ಮುಗಿದ ಮೇಲೆ ಪಟ್ಟ ಕಟ್ಟಿದ್ದು ಧರ್ಮರಾಯನಿಗಲ್ಲ, ಅರ್ಜುನ ಸುಭದ್ರೆಯರಿಗೆ. ತನಗೆ ಆಶ್ರಯ ಕೊಟ್ಟ ದೊರೆ ಅರಿಕೇಸರಿಯನ್ನೇ ಅವನು ಅರ್ಜುನನಲ್ಲಿ ಕಂಡಿದ್ದ. ಹಾಗಿದ್ದೂ ಎದುರು ಪಾಳೆಯದ ಕರ್ಣನ ಮೇಲಿನ ಪ್ರೀತಿಯನ್ನು ಮುಚ್ಚಿಡಲಿಲ್ಲ.

ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡದ ಕುಮಾರವ್ಯಾಸ ಭಾರತದ ಮೊದಲ ಹತ್ತು ಪರ್ವಗಳನ್ನಷ್ಟೇ ಹಾಡಿದ. ಉಳಿದ ಕಥೆಯನ್ನು ಕೃಷ್ಣದೇವರಾಯನ ಆಸ್ಥಾನದ ತಿಮ್ಮಣ್ಣ ಕವಿ ಮುಂದುವರಿಸಿದ. ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುವುದನ್ನು ಆ ಕಾಲ ಕದಿಯುವುದೆಂದು ಬಗೆಯಲಿಲ್ಲ.

ಅಭಿಮಾನಿಗಳೇ ಬರೆದು ಅಭಿಮಾನಿಗಳೇ ಓದುವ ಇಂದಿನ ರೂಪ ಬೆಳೆದದ್ದು ಅಮೆರಿಕದಲ್ಲಿ. 'ಸ್ಟಾರ್ ಟ್ರೆಕ್' ಧಾರಾವಾಹಿಯ ಅಭಿಮಾನಿಗಳು 1967ರಲ್ಲಿ 'ಸ್ಪಾಕನೇಲಿಯಾ' ಎಂಬ ಪುಟ್ಟ ಪತ್ರಿಕೆ ತಂದರು. 1998ರಲ್ಲಿ ಫ್ಯಾನ್‌ಫಿಕ್ಷನ್ ಡಾಟ್ ನೆಟ್, 2006ರಲ್ಲಿ ವಾಟ್‌ಪ್ಯಾಡ್ ಜಾಲತಾಣಗಳು ಬಂದವು. ಅಭಿಮಾನಿಗಳೇ ಕಟ್ಟಿ ನಡೆಸುವ 'ಆರ್ಕೈವ್ ಆಫ್ ಅವರ್ ಓನ್' 2019ರಲ್ಲಿ ಹ್ಯೂಗೋ ಪ್ರಶಸ್ತಿ ಪಡೆಯಿತು. 2014ರಲ್ಲಿ ಹುಟ್ಟಿದ ಬೆಂಗಳೂರಿನ ಪ್ರತಿಲಿಪಿ ಜಾಲತಾಣದಲ್ಲಿ ಕನ್ನಡದಲ್ಲೇ ಕಂತು ಕಂತಾಗಿ ಕಥೆ ಬರೆಯಬಹುದು, ಓದುಗರು ಅಲ್ಲೇ ಅಭಿಪ್ರಾಯ ಹೇಳಬಹುದು.

ಹರೆಯದವರನ್ನು ಇದು ಸೆಳೆಯುವುದಕ್ಕೆ ಕಾರಣ ಅರಿಯುವುದು ಕಷ್ಟವಲ್ಲ. ಪಾತ್ರ, ಊರು, ಹಿನ್ನೆಲೆ ಎಲ್ಲ ಓದುಗರಿಗೆ ಮೊದಲೇ ಗೊತ್ತು. ಹೊಸಬರು ನೇರವಾಗಿ ಮಾತುಕತೆಗೆ, ಜಗಳಕ್ಕೆ, ಪ್ರೀತಿಗೆ ಕೈ ಹಾಕಬಹುದು. ಹ್ಯಾರಿ ಪಾಟರ್‌ನಲ್ಲಿ ಒಂದೆರಡು ಪುಟ ಬಂದು ಹೋಗುವ ಹುಡುಗಿಯೂ ಇಲ್ಲಿ ನಾಯಕಿಯಾಗುತ್ತಾಳೆ. ಮನೆಯಲ್ಲಿ ಹೇಳಲಾಗದ ಸಂಕಟವನ್ನು ಪರರ ಪಾತ್ರದ ಬಾಯಲ್ಲಿ ಆಡಿಸಬಹುದು. ಹಿರಿಯರು ತಮ್ಮಿಂದ ಮುಂದಿನ ಬದುಕನ್ನೇ ಬಲಿ ಕೇಳುತ್ತಿದ್ದಾರೆಂಬ ಅಂದಿನ ಅಸಮಾಧಾನ ಪೂರುವಿನ ಕಥೆಯಲ್ಲಿ ಸೇರಿಕೊಂಡಿತ್ತೆಂದು ಕಾರ್ನಾಡರೂ ಮುಂದೆ ಬರೆದುಕೊಂಡಿದ್ದಾರೆ.

ಬರೆದದ್ದಕ್ಕೆ ಓದುಗರೂ ಬೇಕು. ಧಾರವಾಡದ ಸುಭಾಸ ರಸ್ತೆಯಲ್ಲಿ, ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟದಲ್ಲಿ, ಜಿ.ಬಿ. ಜೋಶಿ, ಕೀರ್ತಿನಾಥ ಕುರ್ತಕೋಟಿಯವರಂಥವರು ಇದ್ದರು. ಇನ್ನೂ ಹೆಸರು ಮಾಡದ ತರುಣ ಕಾರ್ನಾಡರ ಮೊದಲ ನಾಟಕ 'ಯಯಾತಿ'ಯನ್ನು ಗ್ರಂಥಮಾಲೆ 1961ರಲ್ಲಿ ಪ್ರಕಟಿಸಿತು. ಇಂದು ಮಗಳೋ ಮಗನೋ ಮೊಬೈಲಿನಲ್ಲಿ ಯಾರದೋ ಕಥೆಯನ್ನು ಮುಂದುವರಿಸಿ ಬರೆಯುತ್ತಿದ್ದರೆ, 'ನಕಲು' ಎಂದು ಗದರಬೇಡಿ. ಒಮ್ಮೆ ಕೇಳಿ ತೆಗೆದುಕೊಂಡು, ಕೊನೆಯವರೆಗೆ ಓದಿ.