ಹಕ್ಕಿಯ ಮನೆಗೆ ಯಾರ ದುಡ್ಡು?

ಪುಣೆ ಸೀಮೆಯಲ್ಲಿ ಹಕ್ಕಿ ನೆಲೆಗಳನ್ನು ಕಾಯುವ ಹೊಣೆ ಬಹುಕಾಲ ಸರ್ಕಾರಿ ಆದೇಶದ ಮೇಲೆಯೇ ನಿಂತಿತ್ತು. 1972ರ ವನ್ಯಜೀವಿ ಕಾಯ್ದೆಯ ಬೆನ್ನಿಗೆ, 1979ರಲ್ಲಿ, ನೆರೆಯ ಸೊಲ್ಲಾಪುರದ ನಾನ್ನಜ್ ಸುತ್ತ ಎರೆಭೂತ ಹಕ್ಕಿಗಾಗಿ ಅಭಯಾರಣ್ಯ ಘೋಷಣೆಯಾಯಿತು. ವಿಸ್ತೀರ್ಣ 8,496 ಚದರ ಕಿ.ಮೀ. ಊರು, ಹೊಲ, ಪೇಟೆ ಎಲ್ಲವೂ ಅದರೊಳಗೆ. ರೈತರಿಗೆ ಕಟ್ಟುಪಾಡು ಬಂತು, ಹಕ್ಕಿಯಿಂದ ಆದಾಯವೇನೂ ಬರಲಿಲ್ಲ. ಕೊನೆಗೆ ಅದನ್ನು 1,222 ಚದರ ಕಿ.ಮೀ.ಗೆ ಇಳಿಸಬೇಕಾಯಿತು. ಎರೆಭೂತವೂ ಅಲ್ಲಿಂದ ಬಹುತೇಕ ಮರೆಯಾಗಿದೆ.

ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಅದಕ್ಕೂ ಮೊದಲೇ ಬೇರೆ ದಾರಿ ತೆರೆದಿತ್ತು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಆ ಊರಿನ ಹೆಜ್ಜಾರ್ಲೆಗಳನ್ನು ಲೋಕದ ಗಮನಕ್ಕೆ ತಂದ ಮೇಲೆ, ಗೂಡಿರುವ ಹುಣಸೆ ಮರಗಳ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿತು. ಮರ ಖಾಸಗಿ, ಹಣ್ಣಿನ ನಷ್ಟವೂ ಖಾಸಗಿ, ಹಾಗಾಗಿ ತುಂಬಿಕೊಡಬೇಕು: ಲೆಕ್ಕ ಇಷ್ಟೇ.

ಪುಣೆ ಇದೇ ಲೆಕ್ಕಕ್ಕೆ ಸುತ್ತುದಾರಿಯಲ್ಲಿ ಬಂತು. ಇಲ್ಲಿನ ಅಪ್ಲೈಡ್ ಎನ್ವಿರಾನ್ಮೆಂಟಲ್ ರಿಸರ್ಚ್ ಫೌಂಡೇಶನ್ 1990ರ ದಶಕದಿಂದ ಪಶ್ಚಿಮ ಘಟ್ಟದ ಉತ್ತರ ಭಾಗದಲ್ಲಿ ಕೆಲಸ ಮಾಡುತ್ತಿದೆ. ರತ್ನಾಗಿರಿಯ ಸಂಗಮೇಶ್ವರದ ಕಡೆ ಕಾಡೆಂದರೆ ಹೆಚ್ಚಿನಂಶ ಖಾಸಗಿ ಜಮೀನು ಇಲ್ಲವೇ ದೇವರಕಾಡು. ಬೆಳೆದ ತಾರೆ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಮರಿ ಮಾಡುತ್ತದೆ. ಒಡೆಯನಿಗೆ ಅದೇ ಮರ ದಿಮ್ಮಿಯ ಬೆಲೆಯದು. ಸಂಸ್ಥೆ ಜಮೀನುದಾರರೊಂದಿಗೆ ಸಂರಕ್ಷಣಾ ಒಪ್ಪಂದ ಮಾಡಿಕೊಂಡಿತು. ಆಮೇಲೆ ತಾರೆಕಾಯಿ, ಅಳಲೆಕಾಯಿಗಳಿಗೆ, ಕಾಡಿಗೆ ಹಾನಿಯಾಗದಂತೆ ಆರಿಸಿದ್ದಕ್ಕೆ ಸಿಗುವ ಫೇರ್‌ವೈಲ್ಡ್ ಪ್ರಮಾಣಪತ್ರ ಕೊಡಿಸಿತು. ಪುಣೆ ಜಿಲ್ಲೆಯ ಭೀಮಾಶಂಕರದ ಮಹಾದೇವ ಕೋಳಿ ಸಮುದಾಯದವರು ಆರಿಸಿದ ಕಾಯಿ ಬ್ರಿಟನ್ನಿನ ಪುಕ್ಕಾ ಹರ್ಬ್ಸ್ ಕಂಪನಿಗೆ ಹೋಯಿತು, ಮಾಮೂಲು ದರದ ಮೇಲೊಂದಿಷ್ಟು ಹೆಚ್ಚುವರಿ ಹಣ ಊರಿಗೆ ಬಂತು. ಬ್ರಿಟಿಷ್ ಸರ್ಕಾರದ ಡಾರ್ವಿನ್ ಇನಿಷಿಯೇಟಿವ್ ನೆರವು ನೀಡಿತು. ಮರ ನಿಂತಷ್ಟು ವರ್ಷ ಕಾಯಿ, ಕಾಯಿ ಇದ್ದಷ್ಟು ವರ್ಷ ಕಾಸು. ಪುಣೆ ಕಂಡ ಪ್ರಯೋಗಗಳಲ್ಲಿ ನನಗೆ ಇದೇ ಗಟ್ಟಿ ಅನಿಸುತ್ತದೆ. ಆದರೆ ಕೊಳ್ಳುವವನು ಒಬ್ಬನೇ ಇದ್ದರೆ, ಒಡೆತನ ಬದಲಾದಾಗ ಖರೀದಿಯೂ ನಿಲ್ಲಬಹುದೆಂಬ ಅಪಾಯವಿದೆ: ಪುಕ್ಕಾ ಕಂಪನಿಯನ್ನೇ 2017ರಲ್ಲಿ ಯೂನಿಲಿವರ್ ಕೊಂಡುಕೊಂಡಿತು.

ಭಿಗವಣದ ಕಥೆಯಲ್ಲಿ ಇಂಥ ಯೋಜನೆ ಯಾವುದೂ ಇಲ್ಲ. ಭೀಮೆಗೆ ಕಟ್ಟಿದ ಉಜನಿ ಅಣೆಕಟ್ಟಿನ ಹಿನ್ನೀರು ಇಳಿದಾಗ ಕೆಸರುದಂಡೆ ತೆರೆದುಕೊಳ್ಳುತ್ತದೆ, ರಾಜಹಂಸಗಳು ಬಂದಿಳಿಯುತ್ತವೆ. ಮೀನುಗಾರರು ದೋಣಿಯಲ್ಲಿ ಪ್ರವಾಸಿಗರನ್ನು ಕರೆದೊಯ್ದು ಗೈಡುಗಳಾದರು. ಅನುದಾನದ ಹಂಗಿಲ್ಲದ ಸಂಪಾದನೆ, ಸರಿ. ಆದರೆ ನೀರು ಎಷ್ಟು, ಯಾವಾಗ ಬಿಡಬೇಕೆಂಬ ತೀರ್ಮಾನ ನೀರಾವರಿ ಇಲಾಖೆಯದು. ಅಲ್ಲಿ ಕಬ್ಬಿನ ಮಾತು ನಡೆಯುತ್ತದೆ, ಹಕ್ಕಿಯದಲ್ಲ. 

 

ನಗರದ ನದಿಗೆ ಬಂದ ಹಣದ ಅಳತೆಯೇ ಬೇರೆ. ಮುಳಾ-ಮುಠಾ ಶುದ್ಧೀಕರಣಕ್ಕೆ ಜಪಾನಿನ ಜೈಕಾ ಸಂಸ್ಥೆಯ ಸಾಲದ ನೆರವಿನಿಂದ ಸುಮಾರು 990 ಕೋಟಿ ರೂಪಾಯಿಯ ಯೋಜನೆ ಮಂಜೂರಾಯಿತು. ಕೊಳಚೆ ನಿಲ್ಲಿಸುವುದು ಹಕ್ಕಿಗೂ ಬೇಕಾದದ್ದೇ. ಜೊತೆಗೇ ಬಂದ ನದಿದಂಡೆ ಅಭಿವೃದ್ಧಿ ಮಾತ್ರ ಯರವಡಾದ ಸಲೀಂ ಅಲಿ ಪಕ್ಷಿಧಾಮದ ಮರಗಳ ಕುರಿತು ಜಗಳ ಎಬ್ಬಿಸಿತು. ಒಡೆಯನಿರುವ ಮರಕ್ಕೆ ಒಪ್ಪಂದ ಬರೆಯಬಹುದು. ಎಲ್ಲರದ್ದೂ ಆದ ದಂಡೆಯ ಪರವಾಗಿ ಸಹಿ ಹಾಕುವವರು ಯಾರು?

ಈಗಿನ ದೊಡ್ಡ ಹಣದ ಮೂಲ ಕಂಪನಿಗಳು. ನಿಗದಿತ ಗಾತ್ರ ದಾಟಿದ ಕಂಪನಿ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕೆಂಬ ನಿಯಮ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಪಿಂಪ್ರಿ, ಚಾಕಣಗಳ ಕಾರ್ಖಾನೆಗಳನ್ನು ಎಣಿಸಿದರೆ ಪುಣೆಗೆ ಹಣದ ಕೊರತೆ ಇರಬಾರದು. ಆ ಹಣ ಸುಲಭವಾಗಿ ಹರಿಯುವುದು ಸಸಿ ನೆಡಲು. ಎಣಿಸಬಹುದು, ಫೋಟೊ ತೆಗೆಯಬಹುದು, ಫಲಕ ಹಾಕಬಹುದು. ಆದರೆ ಬಾರಾಮತಿ, ಇಂದಾಪುರಗಳ ಹುಲ್ಲುಗಾವಲಿನಲ್ಲಿ ನೆಲದ ಮೇಲೇ ಮೊಟ್ಟೆಯಿಡುವ ನೆಲಗುಬ್ಬಿಗೆ ಸಾಲುಸಸಿ ಎಂದರೆ ನೆಲೆ ಕಳೆದುಕೊಂಡಂತೆ. ಅಲ್ಲಿನ ಕಡಬನವಾಡಿ, ಶಿರ್ಸುಫಳಗಳಲ್ಲಿ ಅರಣ್ಯ ಇಲಾಖೆ ಊರವರನ್ನೇ ಗೈಡುಗಳನ್ನಾಗಿ ಮಾಡಿ ಹುಲ್ಲುಗಾವಲು ಸಫಾರಿ ಆರಂಭಿಸಿದ್ದು ಒಳ್ಳೆಯ ತಿರುವು.

ಪುಣೆಯ ಕಂಪನಿಗಳಲ್ಲಿ ಕನ್ನಡಿಗರೂ ಬೇಕಾದಷ್ಟು ಜನ ಇದ್ದೀರಿ. ಸಸಿ ನೆಡುವ ಪ್ರಸ್ತಾವ ನಿಮ್ಮ ಮೇಜಿಗೆ ಬಂದರೆ, ಆ ಜಾಗ ಹುಲ್ಲುಗಾವಲಲ್ಲ ತಾನೇ ಎಂದು ಸಹಿಗೆ ಮುನ್ನ ಕೇಳಿ.