ಕಳೆದುಹೋದ ಬಳಗದವರನ್ನು ಹುಡುಕುವುದು ಹೇಗೆ? ಹೆಳವರ ಪುಸ್ತಕದಿಂದ ತಹಶೀಲ್ದಾರ್ ಕಚೇರಿವರೆಗೆ

ಬಾಗಲಕೋಟೆ: 'ನಮ್ಮ ಮುತ್ಯಾಗ ಒಬ್ಬ ತಮ್ಮ ಇದ್ದನಂತ. ಸೊಲ್ಲಾಪುರದ ಮಿಲ್ಲಿಗೆ ಹೋದಾಂವ ಹೊಳ್ಳಿ ಬರಲೇ ಇಲ್ಲ.' ಜಿಲ್ಲೆಯ ಬಹಳ ಮನೆಗಳಲ್ಲಿ ಇಂಥ ಒಂದು ಮಾತು ಇದ್ದೇ ಇರುತ್ತದೆ. ಇಳಕಲ್, ಗುಳೇದಗುಡ್ಡದ ನೇಕಾರರು ಸೊಲ್ಲಾಪುರ, ಇಚಲಕರಂಜಿ, ಭಿವಂಡಿಗೆ ಹೋದರು. ಬಾದಾಮಿ, ಹುನಗುಂದ ಕಡೆಯವರು ಗೋವಾ, ಮಂಗಳೂರಿಗೆ ದುಡಿಯಲು ಹೋದರು. ಆಲಮಟ್ಟಿ ಹಿನ್ನೀರು ಬಂದಾಗ ಊರಿಗೆ ಊರೇ ಎದ್ದು ಬೇರೆ ಬೇರೆ ಕಡೆ ನೆಲೆ ನಿಂತವು.

ಹೋದವರು ಹೋದರು ಅಂತ ಸುಮ್ಮನಿದ್ದ ಮನೆಯವರಿಗೂ ಒಂದು ದಿನ ಅವರ ಹೆಸರು ಬೇಕಾಗುತ್ತದೆ. ಹೊಲದ ಉತಾರದಲ್ಲೋ ಅಂಗಡಿಯ ಸಿಟಿ ಸರ್ವೇ ಉತಾರದಲ್ಲೋ ಇನ್ನೂ ತೀರಿಹೋದ ಮುತ್ಯಾನ ಹೆಸರೇ ಇರುತ್ತದೆ. ವಾರಸಾ ಮಾಡಿಸಲು, ಸಾಲ ಎತ್ತಲು, ಮುಳುಗಡೆ ಪರಿಹಾರ ಪಡೆಯಲು ವಂಶಾವಳಿ ಕೇಳುತ್ತಾರೆ. ಆಗ ಆ ತಮ್ಮನ ಹೆಸರು ಬರೆಯಬೇಕೋ ಬ್ಯಾಡೋ ಅನ್ನುವ ಪ್ರಶ್ನೆ ಏಳುತ್ತದೆ. ಬಿಟ್ಟು ಬರೆದರೆ ಮುಂದೆ ಅವರ ಮೊಮ್ಮಕ್ಕಳು ಬಂದು ಕೋರ್ಟ್ ಹತ್ತಬಹುದು. ಅದಕ್ಕಿಂತ ಮೊದಲೇ ಹುಡುಕುವುದು ಒಳ್ಳೆಯದು.

ಮೊದಲು ಮನೆಯಲ್ಲಿ

ಕಚೇರಿಗೆ ಹೋಗುವ ಮುಂಚೆ ಮನೆಯ ಹಿರಿಯರ ಮುಂದೆ ನೋಟ್‌ಬುಕ್ ಹಿಡಿದು ಕೂಡಬೇಕು. ಹೆಸರು, ತಂದೆ ಹೆಸರು, ಅಡ್ಡಹೆಸರು, ಬೆಡಗು, ಮನೆದೇವರು, ಯಾವ ಊರಿನ ಬೀಗರು ಅನ್ನುವುದನ್ನು ಬರೆದುಕೊಳ್ಳಬೇಕು. ಇಸವಿ ಹೇಳಲು ಅವರಿಗೆ ಆಗದಿದ್ದರೆ 'ಗಾಂಧೀಜಿ ತೀರಿಕೊಂಡಾಗ ಎಷ್ಟು ದೊಡ್ಡಾಂವ ಇದ್ದ?' ಅಂತ ಕೇಳಬಹುದು. ಅದು 1948. ಅಲ್ಲಿಂದ ಲೆಕ್ಕ ಹಾಕಬಹುದು.

ಟ್ರಂಕಿನಲ್ಲಿರುವ ಹಳೆಯ ಕಾಗದ ಯಾವುದನ್ನೂ ಎಸೆಯಬಾರದು. ಮನಿಯಾರ್ಡರ್ ಚೀಟಿಯ ಮೇಲೆ ಕಳಿಸಿದವರ ವಿಳಾಸ ಇರುತ್ತದೆ. ಲಗ್ನಪತ್ರಿಕೆಯಲ್ಲಿ ಕಾಕಾ, ಸೋದರಮಾವಂದಿರ ಹೆಸರು ಸಾಲಾಗಿ ಇರುತ್ತವೆ. ಮದುವೆಯಲ್ಲಿ ಮುಯ್ಯಿ ಬರೆದಿಟ್ಟ ಪುಸ್ತಕದಲ್ಲಿ ಯಾವ ಊರಿನಿಂದ ಯಾರು ಬಂದಿದ್ದರು ಅನ್ನುವುದು ಸಿಗುತ್ತದೆ.

ಅಡ್ಡಹೆಸರಿನ ಬಗ್ಗೆ ಎಚ್ಚರ ಇರಲಿ. ಊರು ಬಿಟ್ಟವರನ್ನು ಹೋದ ಊರಿನವರು ಹಳೆಯ ಊರಿನ ಹೆಸರಿನಿಂದಲೇ ಕರೆಯುತ್ತಾರೆ. ಇಲ್ಲಿ ಬೇರೆ ಅಡ್ಡಹೆಸರು ಇದ್ದವರು ಅಲ್ಲಿ 'ಇಳಕಲ್', 'ಹುನಗುಂದ', 'ಬಾಗಲಕೋಟಕರ' ಆಗಿರಬಹುದು.

ಹೆಳವರು ಬಂದಾಗ ಬಿಡಬೇಡಿ

ಉತ್ತರ ಕರ್ನಾಟಕದಲ್ಲಿ ಸರಕಾರಿ ದಫ್ತರಕ್ಕಿಂತ ಹಳೆಯ ದಾಖಲೆ ಇರುವುದು ಹೆಳವರ ಹತ್ತಿರ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಮನೆ ಮುಂದೆ ಬಂದು ವಂಶ ಹೊಗಳುವ ಇವರಿಗೆ ಒಕ್ಕಲು ಮನೆತನಗಳು ಹಂಚಿಕೆಯಾಗಿರುತ್ತವೆ. ಕೆಲವು ವರ್ಷಕ್ಕೊಮ್ಮೆ ಬಂದು ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳು, ಬಟ್ಟೆ, ಹಣ ಪಡೆದು ಹೋಗುತ್ತಾರೆ. ಹಿಂದೆ ತಾಮ್ರಪಟ, ತಾಳೆಗರಿಯಲ್ಲಿ ಇದ್ದದ್ದು ಈಗ ಪುಸ್ತಕದಲ್ಲಿದೆ. ಹರಿದ್ವಾರದ ಪಂಡಾಗಳ ಹತ್ತಿರ ಯಾತ್ರಿಕರ ವಂಶದ ಬಹಿಗಳು ಇರುವ ಹಾಗೆಯೇ ಇದು. ಫರಕು ಏನಂದರೆ ಅಲ್ಲಿಗೆ ನಾವು ಹೋಗಬೇಕು, ಹೆಳವರು ತಾವೇ ಬರುತ್ತಾರೆ.

ಒಂದೇ ಮೂಲದಿಂದ ಒಡೆದು ಬೇರೆ ಊರಿಗೆ ಹೋದ ಕವಲುಗಳಿಗೂ ಅದೇ ಹೆಳವರ ಮನೆತನದವರು ಹೋಗುವುದುಂಟು. ಆದ್ದರಿಂದ 'ನಮ್ಮವರು ಇನ್ನೂ ಎಲ್ಲೆಲ್ಲಿ ಅದಾರ?' ಅಂತ ಕೇಳಲೇಬೇಕು. ಹೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಹೆಳವರ ಮಾತು ಒಂದೇ ಕಚೇರಿಯಲ್ಲಿ ಸಾಲುವುದಿಲ್ಲ ನಿಜ. ಆದರೆ ಯಾವ ಊರಿನ ದಫ್ತರ ತೆಗೆಸಬೇಕು ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಆಗ ಯಾವ ಸರಕಾರ ಇತ್ತು?

ದಾಖಲೆ ಎಲ್ಲಿದೆ ಅನ್ನುವುದು ಆ ಕಾಲದಲ್ಲಿ ಊರು ಯಾರ ಕೈಯಲ್ಲಿತ್ತು ಅನ್ನುವುದರ ಮೇಲೆ ನಿಂತಿದೆ. ಬಾಗಲಕೋಟೆ, ಬಾದಾಮಿ, ಹುನಗುಂದ ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿದ್ದವು. ಮುಧೋಳ, ಜಮಖಂಡಿ ಸಂಸ್ಥಾನಗಳಾಗಿದ್ದು 1948ರಲ್ಲಿ ವಿಲೀನವಾದವು. ಇಳಕಲ್‌ನಿಂದ ಗಡಿ ದಾಟಿದರೆ ಸಿಗುವ ಕುಷ್ಟಗಿ ನಿಜಾಮರ ರಾಜ್ಯದಲ್ಲಿತ್ತು. ಹೀಗಾಗಿ ಇಳಕಲ್‌ನ ಹೆಣ್ಣುಮಗಳು ಕುಷ್ಟಗಿಗೆ ಸೊಸೆಯಾಗಿ ಹೋದರೆ ಕಾಗದದ ಮೇಲೆ ಬೇರೆ ರಾಜ್ಯಕ್ಕೇ ಹೋದಂತೆ. ಎಲ್ಲವೂ ಒಂದೇ ರಾಜ್ಯವಾದದ್ದು 1956ರ ನವೆಂಬರ್ 1ರಂದು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ.

ಇದರಿಂದ ಮೂರು ವಿಷಯ ನೆನಪಿಡಬೇಕು. ಇಳಕಲ್ ಈಗ ತಾಲ್ಲೂಕಾದರೂ ಅದರ ಹಳೆಯ ದಾಖಲೆಯನ್ನು ಮೊದಲು ಹುನಗುಂದದಲ್ಲಿ ಕೇಳಬೇಕು, ಗುಳೇದಗುಡ್ಡದ್ದನ್ನು ಬಾದಾಮಿಯಲ್ಲಿ. 1997ಕ್ಕಿಂತ ಹಿಂದಿನ ಜಿಲ್ಲಾ ಮಟ್ಟದ ಕಡತಕ್ಕೆ ವಿಜಯಪುರದಲ್ಲೂ ವಿಚಾರಿಸಬೇಕು. ಇನ್ನು ಲಿಪಿ. ಹಳೆಯ ಮರಾಠಿ ಕಾಗದ ಮೋಡಿಯಲ್ಲಿ, ನಿಜಾಮರ ಕಡೆಯದು ಉರ್ದುವಿನಲ್ಲಿ ಇರಬಹುದು. ಓದಲು ಬರುವುದಿಲ್ಲ ಅಂತ ಬಿಡದೆ ನಕಲು ತೆಗೆಸಿಕೊಂಡು ಬಲ್ಲವರಿಂದ ಓದಿಸಬೇಕು. ನಿಜಾಮರ ಕಡೆಯ ಕಾಗದದಲ್ಲಿ ಫಸಲಿ ಇಸವಿ ಇದ್ದರೆ ಅದಕ್ಕೆ 590 ಕೂಡಿಸಬೇಕು. ಫಸಲಿ 1345 ಅಂದರೆ 1935-36. ಶಕೆ ಇದ್ದರೆ 78 ಕೂಡಿಸಬೇಕು.

ಉತಾರ, ಡೈರಿ

ಹೊಲ ಇದ್ದ ಮನೆತನಕ್ಕೆ ದೊಡ್ಡ ಆಧಾರ ಉತಾರ. ಅದರ 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ರಲ್ಲಿ ಆ ಹೆಸರು ಹೇಗೆ ಬಂತು ಅನ್ನುವ ಡೈರಿ ನಂಬರ್ ಇರುತ್ತದೆ. ಆ ನಂಬರಿನ ಹಕ್ಕು ಬದಲಾವಣೆ ನಕಲನ್ನು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಿಂದ ತೆಗೆಸಬೇಕು. ಇಂಥವರು ತೀರಿಕೊಂಡರು, ಇವರಿವರು ವಾರಸುದಾರರು ಅಂತ ಅದರಲ್ಲಿ ಬರೆದಿರುತ್ತದೆ. ಅದರ ಹಿಂದಿನ ಡೈರಿ, ಅದರ ಹಿಂದಿನದು ಅಂತ ಒಂದೊಂದೇ ಮೆಟ್ಟಿಲು ಇಳಿಯಬೇಕು. ಕಂಪ್ಯೂಟರಿನ ಭೂಮಿ ಉತಾರ 2000ದ ಆಸುಪಾಸಿನಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಕೈಬರಹದ್ದೇ ಗತಿ.

ಖರೀದಿ, ವಾಟ್ನಿ, ಒತ್ತೆ ಪತ್ರಗಳು ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿರುತ್ತವೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಆಸ್ತಿ ಪತ್ರಗಳ 1ನೇ ಪುಸ್ತಕ ಮತ್ತು ಅದರ ಸೂಚಿಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಜನರ ಹೆಸರಿನ ಸೂಚಿ ಬೇರೆ, ಆಸ್ತಿಯ ಸೂಚಿ ಬೇರೆ. ಹುಡುಕುವವರು ಹೆಸರಿನ ಸೂಚಿಯನ್ನೇ ಕೇಳಬೇಕು.

ಹೊಲ ಇಲ್ಲದವರು, ಹೆಣ್ಣುಮಕ್ಕಳು

ಹೊಲದ ಕಾಗದದಲ್ಲಿ ಹೆಣ್ಣುಮಕ್ಕಳ ಹೆಸರು ಹೆಚ್ಚಾಗಿ ಸಿಗುವುದಿಲ್ಲ. ಲಗ್ನವಾಗಿ ಹೋದ ಅತ್ತೆಯನ್ನು ಹುಡುಕಬೇಕಾದರೆ ಗಂಡನ ಊರಿನಲ್ಲಿ 'ಕೋಂ' ಇಲ್ಲವೇ 'ಗಂಡ' ಅಂತ ಬರೆದ ಕಡೆ ನೋಡಬೇಕು. ಹೊಲ ಇಲ್ಲದವರಿಗೂ ಹೆಣ್ಣುಮಕ್ಕಳಿಗೂ ಕೈ ಹಿಡಿಯುವುದು ಬೇರೆ ದಾಖಲೆಗಳು.

ಕನ್ನಡ ಶಾಲೆಯ ದಾಖಲಾತಿ ರಜಿಸ್ಟರ್ ನೋಡಬೇಕು. ಮಗುವಿನ ಹೆಸರು, ಪಾಲಕರ ಹೆಸರು, ಹುಟ್ಟಿದ ತಾರೀಖು, ಶಾಲೆ ಬಿಟ್ಟ ಕಾರಣ ಅದರಲ್ಲಿರುತ್ತದೆ. 'ಪರಸ್ಥಳಕ್ಕೆ ಹೋದ' ಅನ್ನುವ ಒಂದು ಷರಾ ಸಿಕ್ಕರೂ ಮನೆಯವರು ಊರು ಬಿಟ್ಟ ವರ್ಷ ಗೊತ್ತಾಗುತ್ತದೆ. ಹಳೆಯ ಮತದಾರರ ಪಟ್ಟಿಯಲ್ಲಿ ಮನೆ ನಂಬರ್ ಪ್ರಕಾರ ಇಡೀ ಕುಟುಂಬ ಒಟ್ಟಿಗೆ ಸಿಗುತ್ತದೆ. ಜನಗಣತಿಯವರು ಬರೆದುಕೊಂಡ ಮನೆಮನೆಯ ವಿವರ ಮಾತ್ರ ಕಾನೂನಿನ ಪ್ರಕಾರ ಗುಪ್ತ, ಅದನ್ನು ಕೇಳಿ ಪ್ರಯೋಜನವಿಲ್ಲ.

ಜನನ-ಮರಣ ನೋಂದಣಿ 1969ರ ಕಾಯ್ದೆಯಿಂದ ಕಡ್ಡಾಯ. ರಜಿಸ್ಟರಿನಲ್ಲಿ ಹುಡುಕಿಸಿ ನಕಲು ಪಡೆಯಲು ಯಾರು ಬೇಕಾದರೂ ಅರ್ಜಿ ಕೊಡಬಹುದು. ಸಾವಿನ ಕಾರಣವನ್ನು ಮಾತ್ರ ಕೊಡುವುದಿಲ್ಲ. ಹಳೆಯ ಪುಸ್ತಕದಲ್ಲಿ ಮಗುವಿನ ಹೆಸರು ಇಲ್ಲದೆ ಬರೀ 'ಹೆಣ್ಣು' ಅಂತ ಇರಬಹುದು. ಅದಕ್ಕೇ ತಂದೆ, ತಾಯಿ ಹೆಸರು ಮತ್ತು ಅಂದಾಜು ವರ್ಷ ಹಿಡಿದು ಹುಡುಕಿಸಬೇಕು. ಸಿಗದಿದ್ದರೆ 'ದಾಖಲೆ ಇಲ್ಲ' ಅಂತ ಹಿಂಬರಹ ಬರೆಸಿಕೊಳ್ಳಬೇಕು. ಮುಂದೆ ಅದೂ ಒಂದು ದಾಖಲೆಯೇ.

ಊರೇ ಮುಳುಗಿದ್ದರೆ

ಊರು ನೀರಿನಲ್ಲಿ ಹೋದರೂ ಅದರ ಹೆಸರಿನ ದಾಖಲೆ ಹೋಗಿಲ್ಲ. ಹುಡುಕುವಾಗ ಪುನರ್ವಸತಿ ಕೇಂದ್ರದ ವಿಳಾಸದ ಜೊತೆ ಮೂಲ ಊರಿನ ಹೆಸರು, ಸರ್ವೇ ನಂಬರ್ ಕೊಡಬೇಕು. ಭೂಸ್ವಾಧೀನದ ಅವಾರ್ಡ್‌ನಲ್ಲಿ ಹೊಲ, ಮನೆ ಕಳೆದುಕೊಂಡವರ ಹೆಸರು ಮತ್ತು ಯಾರಿಗೆ ಎಷ್ಟು ಪಾಲು ಅನ್ನುವುದು ಇರುತ್ತದೆ. ಇದಕ್ಕೆ ನವನಗರದ ಕೃಷ್ಣಾ ಮೇಲ್ದಂಡೆ ಯೋಜನೆ ಭೂಸ್ವಾಧೀನ ಕಚೇರಿಗಳಲ್ಲಿ ವಿಚಾರಿಸಬೇಕು. ಹೆಚ್ಚಿನ ಪರಿಹಾರ ಕೇಳಿ ಕೋರ್ಟಿಗೆ ಹೋದ ಪ್ರಕರಣಗಳು ಇನ್ನೂ ಉಪಯೋಗ. ಅರ್ಜಿದಾರ ನಡುವೆ ತೀರಿಕೊಂಡರೆ ಪ್ರಕರಣ ಮುಂದುವರಿಸಲು ವಾರಸುದಾರರನ್ನು ಸೇರಿಸಬೇಕಾಗುತ್ತದೆ. ಊರು ಬಿಟ್ಟವರ ಹೊಸ ವಿಳಾಸವೂ ಅಲ್ಲಿ ಸಿಗಬಹುದು.

ಹೊರರಾಜ್ಯದಲ್ಲಿ

ಮಹಾರಾಷ್ಟ್ರದಲ್ಲಿ ಉತಾರಕ್ಕೆ ಸಾತ್-ಬಾರಾ, ಡೈರಿಗೆ ಫೇರಫಾರ್ ಅನ್ನುತ್ತಾರೆ. ಆ ಹೆಸರಿನಿಂದಲೇ ಕೇಳಬೇಕು. ಗೋವಾದಲ್ಲಿ ಜನನ, ಮದುವೆ ನೋಂದಣಿ ಪೋರ್ಚುಗೀಸರ ಕಾಲದಿಂದ ಬಂದ ಪದ್ಧತಿ. ಅಲ್ಲೇ ಲಗ್ನವಾಗಿ ಉಳಿದವರಿದ್ದರೆ ಆಯಾ ತಾಲ್ಲೂಕಿನ ಸಿವಿಲ್ ರಜಿಸ್ಟ್ರಾರ್ ಕಚೇರಿಯಲ್ಲಿ ವಿಚಾರಿಸಬೇಕು.

ಸಿಕ್ಕರೆ, ಸಿಗದಿದ್ದರೆ

ಹೆಸರು ಒಂದೇ ಆದರೆ ಮನುಷ್ಯ ಒಬ್ಬನೇ ಅಂತ ತಿಳಿಯಬಾರದು. ನಮ್ಮ ಕಡೆ ಪ್ರತಿ ಓಣಿಗೊಬ್ಬ ಬಸಪ್ಪ ಇರುತ್ತಾನೆ. ತಂದೆ ಹೆಸರು, ಮೂಲ ಊರು, ಮನೆದೇವರು ಮೂರೂ ಕೂಡಿದರೆ ಮಾತ್ರ ನಂಬಬೇಕು. ಮೊದಲ ಸಲ ಮಾತಾಡುವಾಗ ಆಸ್ತಿ ಮಾತು ತೆಗೆಯದೆ ಬಳಗದ ಮಾತು ಆಡಬೇಕು. ಆಧಾರ್, ಬ್ಯಾಂಕ್ ಪಾಸ್‌ಬುಕ್ ಕೇಳುವುದಾಗಲಿ, ಕೊಡುವುದಾಗಲಿ ಬೇಡ.

ಏಳು ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ ಆ ವ್ಯಕ್ತಿ ಬದುಕಿಲ್ಲ ಅಂತ ಭಾವಿಸಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ಅದನ್ನು ಕೋರ್ಟ್ ತೀರ್ಮಾನಿಸಬೇಕು, ಮನೆಯವರು ತಾವೇ ಬರೆದುಕೊಳ್ಳುವಂತಿಲ್ಲ. ಆ ವ್ಯಕ್ತಿ ಸತ್ತಿದ್ದರೂ ಅವರ ಮಕ್ಕಳ ಹಕ್ಕು ಸಾಯುವುದಿಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕಿದೆ ಎಂಬುದು 2005ರ ತಿದ್ದುಪಡಿ ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸ್ಪಷ್ಟವಾಗಿದೆ.

ಆದ್ದರಿಂದ ವಂಶಾವಳಿ ಬರೆಯುವಾಗ ಎಲ್ಲರ ಹೆಸರೂ ಬರೆಯಬೇಕು. ಗೊತ್ತಿಲ್ಲದವರ ಮುಂದೆ 'ಊರು ಬಿಟ್ಟು ಹೋಗಿದ್ದು, ಪತ್ತೆ ಇಲ್ಲ' ಅಂತ ನಿಜ ಬರೆದರೆ ತಪ್ಪಿಲ್ಲ. ಸುಳ್ಳು ಅಫಿಡವಿಟ್ ಕೊಟ್ಟರೆ ಮಾತ್ರ ತೊಂದರೆ. ಮನೆಯಲ್ಲಿ 80 ದಾಟಿದ ಹಿರಿಯರು ಇದ್ದರೆ ಕಚೇರಿ ನಾಳೆಯೂ ತೆರೆದಿರುತ್ತದೆ, ಇವತ್ತು ಅವರ ಹತ್ತಿರ ಕೂಡಿ.